ಸ್ಟೆಪ್ನಿಗೂ ಒಂದು ಕುಂಕುಮದ ಬೊಟ್ಟಿಡಿ

ಒಂದು ಪ್ರಶ್ನೆ ಕೇಳ್ತೀನಿ, ಪ್ರಾಮಾಣಿಕವಾಗಿ ಉತ್ತರ ಹೇಳಿ. ನಿಮ್ಮ ಕಾರಿನ ಜಾಕ್ ಎಲ್ಲಿದೆ?

ಡಿಕ್ಕಿಯಲ್ಲಾ? ಸೀಟಿನ ಕೆಳಗಾ? “ಎಲ್ಲೋ ಹಿಂದ್ಗಡೆ ಇರ್ಬೇಕಪ್ಪ, ನಮ್ಮೆಜಮಾನ್ರಿಗೆ ಗೊತ್ತು” ಅಂದಿರಾ? ಹಾಗಿದ್ದರೆ ಈ ಬರಹ ನಿಮಗಾಗಿಯೇ. ನಾಚಿಕೆ ಪಟ್ಟುಕೊಳ್ಳಬೇಡಿ. ಮೂರು ವರ್ಷದ ಹಿಂದಿನ ತನಕ ನನ್ನ ಉತ್ತರವೂ ಅದೇ ಆಗಿತ್ತು. ಅದೂ ಹನ್ನೆರಡು ವರ್ಷದಿಂದ ಕಾರು ಓಡಿಸುತ್ತಿದ್ದವಳದು!

ಅವತ್ತು ತಂಗಿಯ ಮಗಳ ಸೀಮಂತಕ್ಕೆ ಹಾಸನಕ್ಕೆ ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಅತ್ತೆ, ಪಕ್ಕದಲ್ಲಿ ಮಗಳು. ಡಿಕ್ಕಿ ತುಂಬ ಚಕ್ಕುಲಿ, ಕೋಡುಬಳೆ ಡಬ್ಬಗಳು, ಸೀರೆ, ಹಸಿರು ಬಳೆ, ಒಂದು ಮೂಟೆ ತೆಂಗಿನಕಾಯಿ. ಕುಣಿಗಲ್ ದಾಟಿ ಯಡಿಯೂರು ಇನ್ನೂ ಬಂದಿರಲಿಲ್ಲ, ಕಾರು ಯಾಕೋ ಎಡಕ್ಕೆ ಎಳೆಯತೊಡಗಿತು. ಸ್ಟೀರಿಂಗ್ ಭಾರವಾಯ್ತು. ಆಮೇಲೆ ಚಪ್ಪಲಿ ಕಿತ್ತುಹೋದವರು ನಡೆದ ಹಾಗೆ ಪಟಪಟ ಶಬ್ದ. “ಏನಮ್ಮಾ ಅದು?” ಅಂದರು ಅತ್ತೆ. ಇಳಿದು ನೋಡಿದರೆ ಎಡಗಡೆಯ ಮುಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿದೆ. ನಡುವೆ ಹೆಬ್ಬೆಟ್ಟಿನಷ್ಟು ಉದ್ದದ ಮೊಳೆ, ತಲೆ ಮಾತ್ರ ಫಳಫಳ ಹೊಳೀತಿದೆ.

ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಇನ್ನೂರು ಮೈಲಿ ದೂರ, ಬೇರೆ ಊರಿನ ಮೀಟಿಂಗಿನಲ್ಲಿ ಕೂತಿದ್ದ ಯಜಮಾನರಿಗೆ ಫೋನು ಮಾಡಿದ್ದು. ಅವರು ಅಲ್ಲಿಂದ ಏನು ಮಾಡಲು ಸಾಧ್ಯ? “ನೋಡ್ಕೊಂಡು ಓಡಿಸೋದಲ್ವಾ? ನೀನೇನೂ ಮುಟ್ಟೋಕೆ ಹೋಗ್ಬೇಡ, ಯಾರನ್ನಾದ್ರೂ ಕೇಳು” ಅಂದರು. ಮುಟ್ಟುವುದಕ್ಕೆ ನನಗೆ ಗೊತ್ತಿದ್ದರೆ ತಾನೇ!

ಅರ್ಧ ಗಂಟೆ ಬಿಸಿಲಲ್ಲಿ ನಿಂತಿದ್ದ ಮೇಲೆ ಒಂದು ಲಾರಿ ನಿಂತಿತು. ಕ್ಲೀನರ್ ಹುಡುಗ ಇಳಿದು ಬಂದ. ಇಪ್ಪತ್ತು ವರ್ಷ ಇರಬಹುದು. “ಜಾಕ್ ಎಲ್ಲಿಟ್ಟಿದ್ದೀರಕ್ಕಾ?” ಅಂತ ಕೇಳಿದ. “ಗೊತ್ತಿಲ್ಲಪ್ಪ” ಅಂದೆ. ಅವನು ನಕ್ಕ. ಸೀಮಂತದ ಸಾಮಾನೆಲ್ಲ ರಸ್ತೆ ಪಕ್ಕದ ಹುಲ್ಲಿನ ಮೇಲೆ ಬಂತು. ಡಿಕ್ಕಿಯ ಹಲಗೆ ಎತ್ತಿದ. ಸ್ಟೆಪ್ನಿ ಇತ್ತು, ಜಾಕೂ ಇತ್ತು. ಅವನು ಸ್ಟೆಪ್ನಿಯನ್ನು ಬೆರಳಲ್ಲಿ ಒತ್ತಿ ನೋಡಿ, “ಇದ್ರಲ್ಲಿ ಗಾಳೀನೇ ಇಲ್ವಲ್ಲಕ್ಕಾ” ಅಂದ. ಆರು ವರ್ಷದಿಂದ ಅದು ಅಲ್ಲಿ ಸುಮ್ಮನೆ ಮಲಗಿತ್ತು. ನಾವ್ಯಾರೂ ಅದರ ಮುಖ ನೋಡಿರಲಿಲ್ಲ.

ಆ ಪುಣ್ಯಾತ್ಮ ಸ್ಟೆಪ್ನಿಯನ್ನು ಲಾರಿಗೆ ಹಾಕಿಕೊಂಡು ಹೋಗಿ, ಗಾಳಿ ತುಂಬಿಸಿ, ಬೇರೊಂದು ಟೆಂಪೋದಲ್ಲಿ ವಾಪಸ್ ತಂದುಕೊಟ್ಟ. ಚಕ್ರ ಬದಲಾಯಿಸಲು ಅವನಿಗೆ ಹಿಡಿದದ್ದು ಹದಿನೈದೇ ನಿಮಿಷ. ದುಡ್ಡು ಕೊಟ್ಟರೆ ಬೇಡ ಅಂದ. ಅತ್ತೆ ಬಲವಂತವಾಗಿ ಒಂದು ಡಬ್ಬ ಚಕ್ಕುಲಿ ಕೊಟ್ಟು ಕಳಿಸಿದರು.

ನಾವು ಹಾಸನ ಮುಟ್ಟುವಷ್ಟರಲ್ಲಿ ಆರತಿ ಮುಗಿದು ಊಟವೂ ಆಗಿತ್ತು. ಎಲ್ಲರೂ “ಪಾಪ, ಹೆಂಗಸರೇ ಬಂದಿದಾರೆ” ಅಂದರು. ಆ “ಪಾಪ” ನನ್ನ ಮನಸ್ಸಿಗೆ ಮೊಳೆಗಿಂತ ಆಳವಾಗಿ ಚುಚ್ಚಿತು.

ನಿಜವಾಗಿ ಹೆದರಿಸೋದು ಮೊಳೆಯಲ್ಲ

ಇವತ್ತು ಕಾರು ಓಡಿಸುವ ಹೆಣ್ಣುಮಕ್ಕಳು ಎಷ್ಟು ಮಂದಿ! ಮಕ್ಕಳನ್ನು ಸ್ಕೂಲಿಗೆ ಬಿಡ್ತೀವಿ, ಆಫೀಸಿಗೆ ಹೋಗ್ತೀವಿ, ರಾತ್ರಿ ಮಾವನಿಗೆ ಎದೆನೋವು ಬಂದರೆ ಆಸ್ಪತ್ರೆಗೆ ಓಡ್ತೀವಿ. ಆದರೆ ಸ್ಟೀರಿಂಗಿನಿಂದ ಆಚೆಗಿನದೆಲ್ಲ ಗಂಡಸರ ಇಲಾಖೆ ಅಂತ ನಾವೇ ಗೆರೆ ಎಳೆದುಕೊಂಡಿದ್ದೇವೆ. ಡ್ರೈವಿಂಗ್ ಸ್ಕೂಲಿನವರೂ ಅಷ್ಟೆ. ರಿವರ್ಸ್ ಹೇಳಿಕೊಡ್ತಾರೆ, ‘ಎಂಟು’ ಹಾಕಿಸ್ತಾರೆ, ಲೈಸೆನ್ಸ್ ಕೊಡಿಸ್ತಾರೆ. ಚಕ್ರ ಬಿಚ್ಚುವುದನ್ನು ಹೇಳಿಕೊಟ್ಟವರನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಮಾತು ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ಪಂಕ್ಚರ್ ಆದಾಗ ನಮ್ಮಲ್ಲಿ ಬಹಳ ಜನರಿಗೆ ಮೊದಲು ಬರುವ ಯೋಚನೆ “ನನಗೇನಾಗುತ್ತೋ” ಅಂತಲ್ಲ, “ಮನೇಲಿ ಏನಂತಾರೋ” ಅಂತ. ಯಾಕೆ ಆ ದಾರೀಲಿ ಹೋದೆ, ಯಾಕೆ ನೋಡ್ಲಿಲ್ಲ, ಟೈರ್ ಹಾಳು ಮಾಡಿದ್ಯಾ ಅಂತ ಕೇಳುವ ಮಾತುಗಳು ಕಿವಿಯಲ್ಲಿ ಮೊದಲೇ ಮೊಳಗುತ್ತವೆ. ಮೊಳೆ ಗಂಡಸರ ಕಾರಿಗೂ ಚುಚ್ಚುತ್ತದೆ ಅಲ್ವಾ? ಆದರೆ ಅವರಿಗೆ ಚುಚ್ಚಿದರೆ ರಸ್ತೆ ಸರಿಯಿಲ್ಲ, ನಮಗೆ ಚುಚ್ಚಿದರೆ ನಾವು ಸರಿಯಿಲ್ಲ!

ಈ ಹೆದರಿಕೆಯಿಂದಲೇ ನಾವು ತಪ್ಪು ಜಾಗದಲ್ಲಿ ಕಾರು ನಿಲ್ಲಿಸುತ್ತೇವೆ, ತಪ್ಪು ಜನರ ಸಹಾಯ ತೆಗೆದುಕೊಳ್ಳುತ್ತೇವೆ. 2019ರ ನವೆಂಬರಿನಲ್ಲಿ ಹೈದರಾಬಾದ್ ಹತ್ತಿರದ ಶಂಷಾಬಾದ್‌ನಲ್ಲಿ ನಡೆದದ್ದನ್ನು ನೀವು ಮರೆತಿರಲಾರಿರಿ. ಆ ಪಶುವೈದ್ಯೆಯ ಸ್ಕೂಟರಿನ ಗಾಳಿ ಬಿಟ್ಟವರು ಯಾರೋ, ಸರಿಮಾಡಿಸಿ ಕೊಡ್ತೀವಿ ಅಂತ ಬಂದವರೂ ಅವರೇ ಎಂದು ಪೊಲೀಸರು ಹೇಳಿದರು. ಅವತ್ತಿನಿಂದ ಎಷ್ಟೋ ತಾಯಂದಿರಿಗೆ ಪಂಕ್ಚರ್ ಅನ್ನೋದು ಬರೀ ಟೈರಿನ ತೊಂದರೆಯಾಗಿ ಉಳಿದಿಲ್ಲ. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ನನಗೆ ಸಹಾಯ ಮಾಡಿದ ಲಾರಿ ಹುಡುಗನಂಥವರೇ ಲೋಕದಲ್ಲಿ ಹೆಚ್ಚು. ಆದರೆ ಎದುರಿಗೆ ಬಂದವರು ಎಂಥವರು ಅನ್ನುವ ಅದೃಷ್ಟದ ಮೇಲೆ ನಮ್ಮ ಮಗಳ ಸುರಕ್ಷತೆ ನಿಲ್ಲಬಾರದು. ಕೈಯಲ್ಲಿ ಕೆಲಸ ಗೊತ್ತಿದ್ದರೆ ಯಾರ ಸಹಾಯ ಬೇಕು, ಯಾರದು ಬೇಡ ಅನ್ನೋದನ್ನು ನಾವು ಆರಿಸಿಕೊಳ್ಳಬಹುದು. ನಾನು ಹೇಳೋದು ಇಷ್ಟೇ.

ಅಂದ ಹಾಗೆ, ಇದು ಹೊಸ ಮಾತೇನೂ ಅಲ್ಲ. ಕಾರು ಕಂಡುಹಿಡಿದ ಕಾರ್ಲ್ ಬೆಂಜ್ ಹೆಂಡತಿ ಬರ್ತಾ ಬೆಂಜ್ 1888ರಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಆ ಕಾರನ್ನು ತಂದರು. ನೂರು ಕಿಲೋಮೀಟರಿಗೂ ಹೆಚ್ಚು ದೂರ! ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಸರಿಮಾಡಿದರಂತೆ. ಬ್ರೇಕು ಸವೆದಾಗ ಚಮ್ಮಾರರಿಂದ ತೊಗಲು ಹೊಡೆಸಿದರಂತೆ. ಲೋಕದ ಮೊಟ್ಟಮೊದಲ ದೂರಪ್ರಯಾಣದ ಕಾರನ್ನು ರಿಪೇರಿ ಮಾಡಿದವಳೇ ತವರಿಗೆ ಹೊರಟಿದ್ದ ಒಬ್ಬ ಗೃಹಿಣಿ. ನಾವು ಒಂದು ಚಕ್ರ ಬಿಚ್ಚಲಾರೆವೇ?

ಮೊದಲು ಜಾಗ, ಆಮೇಲೆ ಚಕ್ರ

ಈಗ ಕೆಲಸದ ಮಾತಿಗೆ ಬರೋಣ. ಓಡುತ್ತಿರುವಾಗ ಕಾರು ಒಂದು ಕಡೆ ಎಳೆದರೆ, ಸ್ಟೀರಿಂಗ್ ಭಾರವಾದರೆ, ಪಟಪಟ ಶಬ್ದ ಬಂದರೆ ಗಾಳಿ ಹೋಗಿದೆ ಅಂತ ತಿಳಿಯಿರಿ. ಹೊಸ ಕಾರುಗಳಲ್ಲಿ ಕುದುರೆಲಾಳದಂಥ ಗುರುತಿನೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ದೀಪ ಉರಿಯುತ್ತದೆ. ಅದು ಟೈರಿನ ಗಾಳಿಯ ಎಚ್ಚರಿಕೆ.

ಗಾಬರಿಯಾಗಿ ಬ್ರೇಕ್ ಒತ್ತಬೇಡಿ. ಸ್ಟೀರಿಂಗನ್ನು ಎರಡೂ ಕೈಲಿ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಕಾರು ತಾನಾಗಿ ನಿಧಾನವಾಗಲು ಬಿಡಿ. ನಾಲ್ಕೂ ಇಂಡಿಕೇಟರ್ ಮಿನುಗುವ ಹಜಾರ್ಡ್ ದೀಪ ಹಾಕಿ, ಎಡಕ್ಕೆ ಬನ್ನಿ. ತಿರುವಿನಲ್ಲಿ, ಸೇತುವೆ ಮೇಲೆ, ಇಳಿಜಾರಿನಲ್ಲಿ ನಿಲ್ಲಿಸಬೇಡಿ. ಗಟ್ಟಿ ನೆಲ, ಸಮತಟ್ಟು ಜಾಗ ಬೇಕು. ಸಡಿಲ ಮಣ್ಣಿನಲ್ಲಿ ಜಾಕ್ ಕೂತರೆ ಹೂತುಹೋಗುತ್ತದೆ.

ಗಾಳಿಯಿಲ್ಲದ ಟೈರಿನಲ್ಲಿ ಕಾರು ಓಡಿಸಬಾರದು ಅಂತಾರೆ. ನಿಜ. ರಿಮ್ಮಿಗೂ ರಸ್ತೆಗೂ ನಡುವೆ ಟೈರಿನ ಪಕ್ಕೆ ಸಿಕ್ಕಿ ನುಜ್ಜುಗುಜ್ಜಾಗುತ್ತದೆ. ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ನೂಲು ಹರಿದಿರುತ್ತದೆ. ಹೀಗಾದ ಟೈರನ್ನು ಮತ್ತೆ ಹಾಕಿಸಿದರೆ ಮುಂದೊಂದು ದಿನ ವೇಗದಲ್ಲಿ ಸಿಡಿಯಬಹುದು. ಆದರೂ ನನ್ನ ಅಭಿಪ್ರಾಯ ಕೇಳಿ. ರಾತ್ರಿಯಾಗಿದೆ, ಜಾಗ ನಿರ್ಜನವಾಗಿದೆ, ಯಾರೋ ಹಿಂಬಾಲಿಸುತ್ತಿರುವಂತೆ ಅನ್ನಿಸುತ್ತಿದೆ. ಆಗ ನಿಲ್ಲಿಸಲೇಬೇಡಿ. ಹಜಾರ್ಡ್ ಹಾಕಿ, ನಿಧಾನವಾಗಿ, ದೀಪ ಮತ್ತು ಜನ ಇರುವ ಪೆಟ್ರೋಲ್ ಬಂಕೋ, ಟೋಲೋ, ಹೋಟೆಲೋ ಸಿಗುವ ತನಕ ಉರುಳಿಸಿಕೊಂಡು ಹೋಗಿ. ಟೈರು ಹೋಗುತ್ತದೆ, ರಿಮ್ಮೂ ಹೋಗಬಹುದು. ಹೋಗಲಿ ಬಿಡಿ! ಟೈರು ಅಂಗಡಿಯಲ್ಲಿ ಸಿಗುತ್ತದೆ, ನೀವು ಸಿಗಲ್ಲ. ಮನೆಯಲ್ಲಿ ಯಾರಾದರೂ “ಟೈರ್ ಹಾಳು ಮಾಡಿದೆ” ಅಂದರೆ ಈ ಪುಟವನ್ನು ಕತ್ತರಿಸಿ ಅವರ ಕೈಗೆ ಕೊಡಿ.

ಮೊಳೆ ಕೀಳಬೇಡಿ!

ಕಾಲಿಗೆ ಮುಳ್ಳು ಚುಚ್ಚಿದರೆ ತಕ್ಷಣ ಕೀಳುವ ಅಭ್ಯಾಸ ನಮಗೆ. ಟೈರಿಗೆ ಹಾಗೆ ಮಾಡಬೇಡಿ. ಈಗಿನ ಕಾರುಗಳಲ್ಲಿ ಬಹುಪಾಲು ಟ್ಯೂಬ್‌ಲೆಸ್ ಟೈರು. ಮೊಳೆ ಹೊಕ್ಕರೂ ಒಳಗಿನ ರಬ್ಬರು ಅದನ್ನು ಬಿಗಿಯಾಗಿ ತಬ್ಬಿಕೊಳ್ಳುವುದರಿಂದ ಗಾಳಿ ಮೆಲ್ಲಗೆ ಹೋಗುತ್ತದೆ. ಕೆಲವೊಮ್ಮೆ ಎರಡು ಮೂರು ದಿನವೂ ಹಿಡಿಯುತ್ತದೆ. ಅಲ್ಲಿ ಮೊಳೆಯೇ ಬಿರಡೆ. ಕಿತ್ತಿರೋ, ಬುಸ್ ಅಂತ ಎಲ್ಲ ಗಾಳಿ ಹೊರಗೆ. ಟ್ಯೂಬ್ ಇರುವ ಹಳೆಯ ಟೈರಾದರೆ ಬೇಗನೆ ಕೂತುಬಿಡುತ್ತದೆ.

ಗಾಳಿ ಪೂರ್ತಿ ಹೋಗಿಲ್ಲದಿದ್ದರೆ ಚಕ್ರ ಬಿಚ್ಚದೆಯೂ ಪಾರಾಗಬಹುದು. ಕಾರಿನ 12 ವೋಲ್ಟ್ ಸಾಕೆಟ್ಟಿಗೆ, ಅಂದರೆ ಸಿಗರೇಟ್ ಲೈಟರಿನ ಜಾಗಕ್ಕೆ ಸಿಕ್ಕಿಸುವ ಗಾಳಿ ಪಂಪ್ ಸಿಗುತ್ತದೆ. ಅದರಿಂದ ಗಾಳಿ ತುಂಬಿಕೊಂಡು ನಿಧಾನವಾಗಿ ಹತ್ತಿರದ ಪಂಕ್ಚರ್ ಅಂಗಡಿ ಸೇರಬಹುದು. ಬೆನ್ನುನೋವಿನವರಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಇದು ನಿಜಕ್ಕೂ ವರ. ಹುಟ್ಟುಹಬ್ಬಕ್ಕೆ ಏನು ಬೇಕು ಅಂತ ಮನೆಯವರು ಕೇಳಿದರೆ ಈ ಸಲ ಸೀರೆ ಬೇಡ, ಇದನ್ನೇ ಕೇಳಿ.

ಚಕ್ರ ಬದಲಿಸೋದು ಹೀಗೆ

ಎಲ್ಲರನ್ನೂ ಕೆಳಗಿಳಿಸಿ, ರಸ್ತೆಯಿಂದ ದೂರ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾರನ್ನು ಮೊದಲನೇ ಗೇರಿನಲ್ಲಿಡಿ. ಆಟೋಮ್ಯಾಟಿಕ್ ಆದರೆ ‘ಪಿ’ಯಲ್ಲಿ. ಕೆಂಪು ತ್ರಿಕೋನವನ್ನು ಹಿಂದೆ ಸಾಕಷ್ಟು ದೂರದಲ್ಲಿ, ಬರುವವರಿಗೆ ಮೊದಲೇ ಕಾಣುವ ಹಾಗೆ ಇಡಿ. ಕೆಟ್ಟಿರುವ ಚಕ್ರಕ್ಕೆ ಓರೆಯಾಗಿ ಎದುರಿರುವ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಬಲಗಡೆಯ ಚಕ್ರ ಕೆಟ್ಟು, ಪಕ್ಕದಲ್ಲೇ ಲಾರಿಗಳು ರೊಯ್ಯನೆ ಹೋಗುತ್ತಿದ್ದರೆ ಅಲ್ಲಿ ಕೂತು ಕೆಲಸ ಮಾಡಲೇಬೇಡಿ. ಇನ್ನಷ್ಟು ಒಳಗೆ ಸರಿಯಿರಿ, ಇಲ್ಲವೇ ಸಹಾಯ ಕರೆಯಿರಿ.

ಈಗ ಗುಟ್ಟಿನ ಮಾತು. ಜಾಕ್ ಹಾಕುವ ಮೊದಲೇ, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಮೊದಲ ಸಲ ನಾನು ಕಾರು ಎತ್ತಿ ಆಮೇಲೆ ತಿರುಗಿಸಲು ಹೋದೆ. ನಟ್ಟಿನ ಬದಲು ಚಕ್ರವೇ ಗಿರಗಿರ ತಿರುಗಿತು! ನಟ್ಟು ಬಿಚ್ಚುವುದು ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ.

“ಅಯ್ಯೋ, ಅಷ್ಟು ಶಕ್ತಿ ನಮಗೆಲ್ಲಿ?” ಅಂತೀರಾ? ತೋಳಿನ ಶಕ್ತಿ ಬೇಕಿಲ್ಲ. ಪಾನವನ್ನು ನಟ್ಟಿಗೆ ಸರಿಯಾಗಿ ಒಳಗಿನ ತನಕ ಕೂರಿಸಿ, ಹಿಡಿ ಎಡಗಡೆಗೆ ಅಡ್ಡಡ್ಡ ಬರುವಂತೆ ಇಟ್ಟು, ಹಿಡಿಯ ತುದಿಯನ್ನು ಪಾದದಿಂದ ಕೆಳಕ್ಕೆ ಒತ್ತಿ. ನಿಮ್ಮ ಮೈತೂಕವೇ ಕೆಲಸ ಮಾಡುತ್ತದೆ. ತೂಕ ಜಾಸ್ತಿಯಾಯ್ತು ಅಂತ ಕೊರಗುವವರಿಗೆ ಅದು ಉಪಯೋಗಕ್ಕೆ ಬರುವ ಜಾಗ ಇದೊಂದೇ ಇರಬೇಕು!

ಆಮೇಲೆ ಜಾಕ್. ಬಾಗಿಲ ಕೆಳಗಿನ ಅಂಚಿನಲ್ಲಿ, ಚಕ್ರದ ಹತ್ತಿರ, ಜಾಕ್ ಕೂರಿಸಲೆಂದೇ ಒಂದು ಗುರುತು ಅಥವಾ ಕಚ್ಚು ಇರುತ್ತದೆ. ಕಾರಿನ ಪುಸ್ತಕದಲ್ಲಿ ಚಿತ್ರವಿದೆ. ಬೇರೆ ಕಡೆ ಕೊಟ್ಟರೆ ತಗಡು ಸೊಟ್ಟಗಾಗುತ್ತದೆ, ಕಾರು ಜಾರುತ್ತದೆ. ಚಕ್ರ ನೆಲ ಬಿಟ್ಟು ಸ್ವಲ್ಪ ಮೇಲೆ ಬಂದರೆ ಸಾಕು. ಗಾಳಿ ತುಂಬಿದ ಟೈರು ದಪ್ಪ ಇರುವುದರಿಂದ ಅದಕ್ಕೆ ಇನ್ನೆರಡು ಬೆರಳು ಜಾಗ ಜಾಸ್ತಿ ಬಿಡಿ. ಕಾರು ಜಾಕ್ ಮೇಲಿರುವಾಗ ಕೈ, ಕಾಲು, ತಲೆ ಏನನ್ನೂ ಕೆಳಗೆ ತೂರಿಸಬೇಡಿ. ಸ್ಟೆಪ್ನಿಯನ್ನು ಕಾರಿನಡಿ ಮಲಗಿಸಿಟ್ಟರೆ, ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ.

ನಟ್ಟುಗಳನ್ನು ಪೂರ್ತಿ ಬಿಚ್ಚಿ ಒಂದು ಡಬ್ಬಕ್ಕೋ ದುಪಟ್ಟಾದ ಗಂಟಿಗೋ ಹಾಕಿಕೊಳ್ಳಿ. ಹುಲ್ಲಿನಲ್ಲಿ ಬಿದ್ದರೆ ಹುಡುಕೋದು ದೇವರಿಗೇ ಕಷ್ಟ. ಚಕ್ರವನ್ನು ನಿಮ್ಮ ಕಡೆ ಎಳೆದುಕೊಂಡರೆ ಬರುತ್ತದೆ. ಭಾರ ಇರುತ್ತದೆ, ಎತ್ತಬೇಡಿ, ಉರುಳಿಸಿ. ಹೊಸ ಚಕ್ರ ಕೂರಿಸುವಾಗ ನೆಲದ ಮೇಲೆ ಕೂತು, ಪಾದಗಳ ಮೇಲೆ ಚಕ್ರ ನಿಲ್ಲಿಸಿಕೊಂಡು ಕಾಲಿನಿಂದಲೇ ಮೆಲ್ಲಗೆ ಎತ್ತಿದರೆ ರಂಧ್ರಗಳಿಗೆ ಸಲೀಸಾಗಿ ಹೊಂದುತ್ತದೆ. ನಟ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ. ಜಾಕ್ ಇಳಿಸಿ. ಚಕ್ರ ನೆಲಕ್ಕೆ ತಾಗಿದ ಮೇಲೆ ಒಂದಕ್ಕೊಂದು ಎದುರುಬದುರಾಗಿ, ಒಂದನ್ನು ಬಿಟ್ಟು ಒಂದರಂತೆ ಬಿಗಿಮಾಡಿ. ಪಕ್ಕಪಕ್ಕದ್ದನ್ನೇ ಬಿಗಿದರೆ ಚಕ್ರ ಓರೆಯಾಗಿ ಕೂರುತ್ತದೆ. ಸ್ವಲ್ಪ ದೂರ ಹೋದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಸಣ್ಣದಾಗಿದ್ದರೆ ಅದು ಅಂಗಡಿ ಮುಟ್ಟುವ ತನಕ ಮಾತ್ರ. ಅದರ ಮೇಲೆ ಬರೆದಿರುವ ವೇಗಕ್ಕಿಂತ, ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್, ಜೋರಾಗಿ ಹೋಗಬೇಡಿ. ಹೊಸ ಕಾರು ಕೊಂಡವರು ಇನ್ನೊಂದು ಗಮನಿಸಿ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿದೆ. ಟ್ಯೂಬ್‌ಲೆಸ್ ಟೈರು, ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕೊಡಲೇಬೇಕೆಂದಿಲ್ಲ. ಆದ್ದರಿಂದ ನಿಮ್ಮ ಡಿಕ್ಕಿಯ ಹಲಗೆ ಎತ್ತಿದರೆ ಕೆಳಗೆ ಏನಿದೆ ಅಂತ ಇವತ್ತೇ ನೋಡಿ.

ಪಂಕ್ಚರ್ ಅಂಗಡಿಯಲ್ಲಿ ಕಣ್ಣು ತೆರೆದಿರಿ

ತರಕಾರಿ ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ನೋಡುವ ನಾವು ಪಂಕ್ಚರ್ ಅಂಗಡಿಯಲ್ಲಿ ಕಾರಿನೊಳಗೆ ಕೂತು ಮೊಬೈಲ್ ನೋಡ್ತೀವಿ. ಆಮೇಲೆ “ಮೇಡಂ, ಐದು ಪಂಕ್ಚರ್ ಇದೆ” ಅಂದಾಗ ಬಾಯಿ ಬಿಡ್ತೀವಿ. ಎಲ್ಲರೂ ಮೋಸಗಾರರಲ್ಲ. ಬಿಸಿಲಲ್ಲಿ ಬೆವರು ಸುರಿಸಿ ನಿಯತ್ತಾಗಿ ದುಡಿಯುವವರೇ ಜಾಸ್ತಿ. ಆದರೆ ಬೆಂಗಳೂರಿನ ರಸ್ತೆಗಳಲ್ಲಿ ಬೇಕೆಂದೇ ಮೊಳೆ ಚೆಲ್ಲುತ್ತಾರೆ ಅನ್ನುವ ದೂರು ಹಳೆಯದು. ಹೊರವರ್ತುಲ ರಸ್ತೆಯಲ್ಲಿ ಒಬ್ಬ ಉದ್ಯೋಗಿ ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ಕೆಜಿಗಟ್ಟಲೆ ಮೊಳೆ ಆಯ್ದದ್ದು, ಸಂಚಾರ ಪೊಲೀಸರೇ ಬಗ್ಗಿ ಮೊಳೆ ಹೆಕ್ಕಿದ್ದು ಪತ್ರಿಕೆಗಳಲ್ಲಿ ಬಂದಿದೆ. ಹಾಗಾಗಿ ಎಚ್ಚರ ಒಳ್ಳೆಯದು.

ಅಂಗಡಿಯಲ್ಲಿ ಇಳಿದು ಪಕ್ಕದಲ್ಲೇ ನಿಲ್ಲಿ. ಒಂದಕ್ಕೆ ಎಷ್ಟು ಅಂತ ಮೊದಲೇ ಕೇಳಿ. ಸೋಪಿನ ನೀರು ಹಾಕಿ ಗುಳ್ಳೆ ಬರೋದನ್ನು ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ. ಗುಳ್ಳೆ ಎಷ್ಟು ಕಡೆ ಬಂತೋ ಅಷ್ಟೇ ಪಂಕ್ಚರ್. ಗುಳ್ಳೆ ಬಾರದ ಜಾಗಕ್ಕೆ ಚೂಪಾದ ಸಲಾಕೆ ಹಾಕಲು ಬಿಡಬೇಡಿ.

ಹೊರಗಿನಿಂದ ರಬ್ಬರಿನ ಬತ್ತಿ ತೂರಿಸಿ ಮುಚ್ಚುವುದು ಬೇಗನೆ ಆಗುತ್ತದೆ. ಸಣ್ಣ ಮೊಳೆಗೆ, ಸದ್ಯಕ್ಕೆ ಪರವಾಗಿಲ್ಲ. ಆದರೆ ಟೈರು ಬಿಚ್ಚಿ ಒಳಗಿನಿಂದ ತೇಪೆ ಹಾಕಿಸುವುದೇ ಗಟ್ಟಿ. ಒಳಗೆ ಬೇರೆ ಏನಾದರೂ ಹಾಳಾಗಿದೆಯೇ ಅಂತಲೂ ಆಗ ಗೊತ್ತಾಗುತ್ತದೆ. ನೆಲಕ್ಕೆ ತಾಗುವ ಭಾಗದಲ್ಲಿ 6 ಮಿಲಿಮೀಟರ್ ತನಕದ ತೂತಿಗೆ ಮಾತ್ರ ರಿಪೇರಿ. ಟೈರಿನ ಪಕ್ಕೆಗೆ ಮೊಳೆ ಹೊಕ್ಕಿದ್ದರೆ ಯಾರು ಏನೇ ಹೇಳಲಿ, ರಿಪೇರಿ ಬೇಡ, ಟೈರನ್ನೇ ಬದಲಿಸಿ. ಚಕ್ರ ತಿರುಗುವಾಗ ಪಕ್ಕೆ ಸದಾ ಬಾಗಿ ಏಳುತ್ತಿರುತ್ತದೆ, ಅಲ್ಲಿ ತೇಪೆ ನಿಲ್ಲುವುದಿಲ್ಲ. ಅಲ್ಲಿ ಉಳಿಸಿದ ದುಡ್ಡು ಉಳಿತಾಯವಲ್ಲ.

ಇವಿಷ್ಟು ನೆನಪಿರಲಿ

* ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ಎಷ್ಟಿರಬೇಕು ಅನ್ನೋದು ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ಕಾರಿನ ಪುಸ್ತಕದಲ್ಲೋ ಇರುತ್ತದೆ. “ಸ್ಟೆಪ್ನಿಗೂ ಹಾಕಪ್ಪ” ಅನ್ನೋದನ್ನು ಮರೀಬೇಡಿ.
* ಟೈರಿನ ಗಾಡಿ 1.6 ಮಿಲಿಮೀಟರ್‌ಗಿಂತ ಸವೆದಿದ್ದರೆ ಕಾನೂನಿನ ಪ್ರಕಾರವೂ ಅದು ರಸ್ತೆಗೆ ಲಾಯಕ್ಕಲ್ಲ. ಸವೆದ ಟೈರಿಗೆ ಮೊಳೆ ಬೇಗ ಹೊಕ್ಕುತ್ತದೆ.
* ಡಿಕ್ಕಿಯಲ್ಲಿ ಜಾಕ್, ಪಾನ, ಕೆಂಪು ತ್ರಿಕೋನ, ಟಾರ್ಚ್, ಒಂದು ಜೊತೆ ಕೈಗವಸು, ಹಳೆಯ ಬೆಡ್‌ಶೀಟ್ ಇರಲಿ. ಅಲಾಯ್ ಚಕ್ರಕ್ಕೆ ಬೀಗದ ನಟ್ಟು ಹಾಕಿಸಿದ್ದರೆ ಅದರ ಕೀಲಿ ಕಾರಿನಲ್ಲೇ ಇರಲಿ, ಮನೆಯ ಬೀರುವಿನಲ್ಲಿ ಅಲ್ಲ.
* ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ಯಾವುದೇ ಅಪಾಯಕ್ಕೆ 112. ನಿಮ್ಮ ಕಾರಿನ ವಿಮೆಯಲ್ಲಿ ದಾರಿಯ ನೆರವು ಸೇರಿದೆಯೇ ನೋಡಿ, ಆ ನಂಬರನ್ನು ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ.
* ಸಹಾಯಕ್ಕೆ ಕಾಯುವಾಗ ಕಾರು ರಸ್ತೆಯಿಂದ ಪೂರ್ತಿ ಆಚೆಗಿದ್ದರೆ ಒಳಗೆ ಲಾಕ್ ಮಾಡಿಕೊಂಡು ಕೂತಿರಿ. ವಾಹನಗಳು ಹಿಂದಿನಿಂದ ಗುದ್ದುವ ಜಾಗದಲ್ಲಿದ್ದರೆ ಕಾರಿನೊಳಗೆ ಕೂರಬೇಡಿ, ರಸ್ತೆಯಿಂದ ದೂರ ನಿಲ್ಲಿ. ಎಲ್ಲಿದ್ದೀರಿ ಅನ್ನೋದನ್ನು ಮನೆಯವರಿಗೆ ಮೊಬೈಲಿನಲ್ಲಿ ಕಳಿಸಿ.
* ಪರಿಚಯವಿಲ್ಲದವರು ಬಂದರೆ ಕಿಟಕಿಯನ್ನು ಎರಡು ಬೆರಳು ಮಾತ್ರ ಇಳಿಸಿ, “ನಮ್ಮವರು ಬರ್ತಿದ್ದಾರೆ, ಥ್ಯಾಂಕ್ಸ್” ಅನ್ನಿ. ಒಳ್ಳೆಯವರು ಬೇಜಾರು ಮಾಡ್ಕೊಳ್ಳಲ್ಲ.

ಒಂದು ಭಾನುವಾರ ಕೊಡಿ

ಓದಿದ ಮಾತ್ರಕ್ಕೆ ಬರುವ ವಿದ್ಯೆಯಲ್ಲ ಇದು. ಈಜು, ಹೋಳಿಗೆ, ಚಕ್ರ ಬದಲಿಸೋದು ಮೂರನ್ನೂ ಕೈಯಾಡಿಸಿಯೇ ಕಲಿಯಬೇಕು. ಹಾಸನದಿಂದ ಬಂದ ಮುಂದಿನ ಭಾನುವಾರ ನಮ್ಮ ಮನೆ ಮುಂದೆಯೇ ಪಾಠ ಶುರುವಾಯ್ತು. ತಮಾಷೆ ಕೇಳಿ, “ನಾನು ತೋರಿಸ್ತೀನಿ” ಅಂತ ತೋಳು ಮಡಿಸಿಕೊಂಡು ಬಂದ ನಮ್ಮ ಯಜಮಾನರಿಗೂ ಜಾಕ್ ಎಲ್ಲಿ ಕೂರಿಸಬೇಕು ಅಂತ ಗೊತ್ತಿರಲಿಲ್ಲ! ಇಪ್ಪತ್ತು ವರ್ಷದಿಂದ ಅವರೂ ಯಾರನ್ನೋ ಕರೆಸಿಯೇ ಮಾಡಿಸುತ್ತಿದ್ದರಂತೆ. ಒಪ್ಪಿಕೊಳ್ಳೋಕೆ ನಾಚಿಕೆ ಅಷ್ಟೆ. ನನಗಿದ್ದ ಹೆದರಿಕೆ ಅವರಿಗೂ ಇತ್ತು, ಬೇರೆ ವೇಷದಲ್ಲಿ. ಹೆಣ್ಣಾದ ನಾನು ಮುಟ್ಟಬಾರದು, ಗಂಡಾದ ಅವರು ಕೇಳಬಾರದು. ಈ ನಡುವೆ ಆರು ವರ್ಷ ಸ್ಟೆಪ್ನಿ ಗಾಳಿಯಿಲ್ಲದೆ ಮಲಗಿತ್ತು.

ಇಬ್ಬರೂ ಪುಸ್ತಕ ತೆರೆದು ಕೂತೆವು. ಅತ್ತೆ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ, “ಆ ಲಾರಿ ಹುಡುಗ ಹೀಗೆ ಮಾಡ್ಲಿಲ್ಲಪ್ಪ, ಮೊದ್ಲು ನಟ್ಟು ಸಡಿಲ ಮಾಡ್ದ” ಅಂತ ನೆನಪಿಸಿದರು. ಎಲ್ಲರಿಗಿಂತ ಚೆನ್ನಾಗಿ ನೋಡಿಕೊಂಡಿದ್ದವರು ಅವರೇ! ಮೊದಲ ಸಲ ಐವತ್ತು ನಿಮಿಷ ಹಿಡಿಯಿತು. ಎರಡನೇ ಸಲ ಮಗಳು ಮಾಡಿದಳು, ಮೂವತ್ತು ನಿಮಿಷ. ಕೈಯೆಲ್ಲ ಕಪ್ಪು, ಒಂದು ಉಗುರು ಮುರಿದಿತ್ತು. ಆದರೆ ಅವಳ ಮುಖದ ಮೇಲಿದ್ದ ಕಳೆ ನೋಡಬೇಕಿತ್ತು ನೀವು. ಈಗ ಅವಳು ಕೆಲಸ ಮುಗಿಸಿ ರಾತ್ರಿ ಒಬ್ಬಳೇ ಕಾರಿನಲ್ಲಿ ಬರುತ್ತಾಳೆ. ನನಗೆ ಭಯ ಇಲ್ಲವೇ ಇಲ್ಲ ಅಂದರೆ ಸುಳ್ಳು. ಬಾಗಿಲ ಸದ್ದಾಗುವ ತನಕ ನಿದ್ದೆ ಬರಲ್ಲ. ಆದರೆ ಭಯದಲ್ಲೊಂದು ಪಾಲು ಕಡಿಮೆಯಾಗಿದೆ, ಅಷ್ಟಂತೂ ನಿಜ.

ಸಹಾಯ ಕೇಳೋದು ಸೋಲಲ್ಲ ಗೆಳತಿ. ಮೈ ಸರಿಯಿಲ್ಲದಿದ್ದರೆ, ಜಾಗ ಸರಿಯಿಲ್ಲದಿದ್ದರೆ ಖಂಡಿತ ಕೇಳಿ. ಆದರೆ ಗೊತ್ತಿದ್ದೂ ಕೇಳೋದಕ್ಕೂ ಗೊತ್ತಿಲ್ಲದೆ ಕಾಯೋದಕ್ಕೂ ಬಹಳ ವ್ಯತ್ಯಾಸ ಇದೆ.

ಪ್ರತಿ ವರ್ಷ ಆಯುಧಪೂಜೆಯ ದಿನ ಕಾರು ತೊಳೆದು, ಹೂವಿನ ಹಾರ ಹಾಕಿ, ನಾಲ್ಕೂ ಚಕ್ರಕ್ಕೆ ಅರಿಸಿನ ಕುಂಕುಮ ಹಚ್ಚಿ, ಕೆಳಗೆ ನಿಂಬೆಹಣ್ಣು ಇಡ್ತೀವಿ. ಐದನೆಯದು ಒಂದಿದೆ, ಕತ್ತಲಲ್ಲಿ ಮಲಗಿದೆ, ಯಾರ ನೆನಪಿಗೂ ಬರಲ್ಲ. ಈ ಸಲ ಡಿಕ್ಕಿಯ ಹಲಗೆ ಎತ್ತಿ. ಜಾಕ್ ಎಲ್ಲಿದೆ ನೋಡಿ. ಸ್ಟೆಪ್ನಿಗೆ ಗಾಳಿ ತುಂಬಿಸಿ, ಒಂದು ಬೊಟ್ಟೂ ಇಡಿ. ಪೂಜೆ ಮಾಡುವ ಕೈಗೆ ಪಾನ ಹಿಡಿಯೋದೂ ಗೊತ್ತಿರಲಿ.